ಹೊರಡುವ ಹಕ್ಕಿಗಳ ತಿಂಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾಘ ಕಳೆದು ಫಾಲ್ಗುಣ ಹಿಡಿಯುವ ಈ ದಿನಗಳಲ್ಲಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹಕ್ಕಿಗಳನ್ನು ಕುರಿತವಾಗಿವೆ. ಚಳಿಗಾಲದ ಅತಿಥಿಗಳು ಹೊರಡುವುದು, ಊರಿನ ಹಕ್ಕಿಗಳು ಗೂಡು ಕಟ್ಟುವುದು ಮತ್ತು ನದಿಯ ದಂಡೆಗೆ ಬೇಸಿಗೆಯ ಹಕ್ಕಿಗಳು ಸೇರುವುದು ಈ ಕೆಲವೇ ವಾರಗಳಲ್ಲಿ ಒಟ್ಟೊಟ್ಟಿಗೆ ನಡೆಯುವುದರಿಂದ ಗೊಂದಲವಾಗುವುದು ಸಹಜ. ಆರು ಪತ್ರಗಳನ್ನು ಇಲ್ಲಿ ಉತ್ತರಕ್ಕೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಹದಿನಾರು ಗ್ರಾಮದ ಕೆರೆಯ ಸಮೀಪ ನಮ್ಮ ಜಮೀನಿದೆ. ಸಂಕ್ರಾಂತಿಯ ಹೊತ್ತಿಗೆ ಕೆರೆಯಲ್ಲಿ ಬೂದು ಮೈಯ, ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಗೀರುಗಳಿರುವ ದೊಡ್ಡ ಬಾತುಗಳ ಹಿಂಡು ಇತ್ತು. ಶಿವರಾತ್ರಿಯ ವೇಳೆಗೆ ಹೋಗಿ ನೋಡಿದರೆ ಒಂದೂ ಇರಲಿಲ್ಲ. ಯಾವ ದಿನ ಹೋದವೋ ಗೊತ್ತಿಲ್ಲ. ಯಾರೋ ಹೊಡೆದಿರಬೇಕು ಎಂದು ಊರಿನಲ್ಲಿ ಮಾತನಾಡಿಕೊಳ್ಳುತ್ತಾರೆ. ಅವು ಏನಾದವು? ಫಸಲಿಗೆ ಅವುಗಳಿಂದ ತೊಂದರೆಯಿದೆಯೇ?
– ನಂಜನಗೂಡು ತಾಲ್ಲೂಕಿನ ರೈತರೊಬ್ಬರು

ಉತ್ತರ: ತಾವು ಕಂಡದ್ದು ಪಟ್ಟೆತಲೆ ಹೆಬ್ಬಾತು. ತಲೆಯ ಆ ಎರಡು ಗೀರುಗಳು ಬೇರಾವ ಬಾತಿಗೂ ಇಲ್ಲವಾದ್ದರಿಂದ ಗುರುತಿನಲ್ಲಿ ಸಂಶಯಕ್ಕೆ ಎಡೆಯಿಲ್ಲ. ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ, ಲಡಾಖಿನ ತ್ಸೊ ಮೊರಿರಿಯಂಥ ಎತ್ತರದ ಸರೋವರಗಳ ಸುತ್ತ ಮರಿ ಮಾಡುವ ಈ ಹೆಬ್ಬಾತುಗಳು ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ಹೊರಟು ನಮ್ಮ ಕೆರೆಗಳಿಗೆ ಬರುತ್ತವೆ. ಹಗಲಿನ ಹೆಚ್ಚು ಹೊತ್ತನ್ನು ಕೆರೆಯ ನಡುವೆ ಅಥವಾ ಬಯಲಾದ ಅಂಗಳದಲ್ಲಿ ವಿಶ್ರಾಂತಿಯಲ್ಲಿ ಕಳೆದು, ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಹುಲ್ಲು ಮತ್ತು ಗದ್ದೆಯ ಉದುರು ಕಾಳನ್ನು ಮೇಯುತ್ತವೆ. ಫೆಬ್ರವರಿಯ ಕೊನೆ ಮತ್ತು ಮಾರ್ಚ್ ಅವು ಮರಳಿ ಹೊರಡುವ ಕಾಲ. ಆದ್ದರಿಂದ ಶಿವರಾತ್ರಿಗೆ ಕೆರೆ ಬರಿದಾಗಿದ್ದರೆ ಯಾರೋ ಹೊಡೆದಿದ್ದಾರೆಂದು ಊಹಿಸಬೇಕಾದ ಕಾರಣವಿಲ್ಲ. ಹೊಡೆದಿದ್ದರೆ ಗರಿ, ರಕ್ತ, ಗಾಯಗೊಂಡು ಹಿಂದುಳಿದ ಒಂದೆರಡು ಹಕ್ಕಿಗಳು ಕಾಣಬೇಕಿತ್ತು. ಅಂಥದ್ದು ಕಂಡರೆ ಮಾತ್ರ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈ ಹಕ್ಕಿಗಳ ಬೇಟೆ ಅಪರಾಧವಾಗಿದೆ.

ಅವು ಹೋಗುವ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ನಿಮ್ಮ ಹೊಲದ ಅಂಚಿನಲ್ಲಿ ಮೇಯುತ್ತಿದ್ದ ಜೀವ ಕೆಲವು ವಾರಗಳ ನಂತರ ಹಿಮಾಲಯದ ಮೇಲಿರುತ್ತದೆ. ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಣ್ಣ ಸಾಧನಗಳನ್ನು ಕಟ್ಟಿ ಹಿಂಬಾಲಿಸಿದ ಹೆಬ್ಬಾತುಗಳಲ್ಲಿ ಒಂದು 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆದರೂ ಅವು ಎತ್ತರವನ್ನು ಸುಮ್ಮನೆ ಕಾಯ್ದುಕೊಂಡು ಹಾರುವುದಿಲ್ಲ. ಬೆಟ್ಟದ ಏರಿಳಿತವನ್ನೇ ಅನುಸರಿಸಿ ಏರುತ್ತವೆ, ಇಳಿಯುತ್ತವೆ, ಮತ್ತೆ ಏರುತ್ತವೆ. ಹಿಮಾಲಯ ದಾಟಲು ರಾತ್ರಿಯನ್ನೂ ನಸುಕನ್ನೂ ಆರಿಸಿಕೊಳ್ಳುವುದು ಹೆಚ್ಚು, ಏಕೆಂದರೆ ಆಗ ಗಾಳಿ ತಂಪಾಗಿಯೂ ಸಾಂದ್ರವಾಗಿಯೂ ಇದ್ದು ರೆಕ್ಕೆಗೆ ಆಧಾರ ಸಿಗುತ್ತದೆ. ಈ ಪ್ರಯಾಣಕ್ಕೆ ಬೇಕಾದ ಕೊಬ್ಬು ಕೂಡಿಬರುವುದು ನಮ್ಮ ಗದ್ದೆ ಬಯಲುಗಳಲ್ಲಿ, ಅದೂ ಹೊರಡುವ ಮುಂಚಿನ ವಾರಗಳಲ್ಲಿ. ಈ ಅವಧಿಯಲ್ಲಿ ಛಾಯಾಚಿತ್ರಕ್ಕೆಂದು ಹಿಂಡಿನ ಬಳಿಗೆ ನಡೆದು ಹೋಗಿ ಎಬ್ಬಿಸುವುದು, ನಾಯಿಯನ್ನು ಬಿಡುವುದು, ಡ್ರೋನ್ ಹಾರಿಸುವುದು ನಿಜವಾದ ಹಾನಿ. ಒಮ್ಮೆ ಎದ್ದು ಸುತ್ತಿ ಇಳಿಯುವಷ್ಟರಲ್ಲಿ ಮೇದ ಮೇವಿನ ಒಂದಷ್ಟು ಭಾಗ ವ್ಯರ್ಥವಾಗಿರುತ್ತದೆ. ಒಂದು ಕೆರೆಯ ಏರಿಯ ಮೇಲೆ ನಿಂತು, ಒಂದೇ ಬೆಳಿಗ್ಗೆ ಒಂದೇ ಹಿಂಡನ್ನು ನಾಲ್ಕು ಸಲ ಎಬ್ಬಿಸಿದ್ದನ್ನು ನೋಡಿದ ನೋವು ನನಗೆ ಇನ್ನೂ ಇದೆ.

ಫಸಲಿನ ಬಗ್ಗೆ ಹೇಳುವುದಾದರೆ, ಭತ್ತದ ಕಟಾವಾದ ಮೇಲೆ ಅವು ತಿನ್ನುವುದು ಬಹುಪಾಲು ಉದುರಿದ ಕಾಳು ಮತ್ತು ಬದುವಿನ ಹುಲ್ಲನ್ನು. ಎಳೆಯ ಪೈರಿರುವ ಹೊಲಕ್ಕೆ ದೊಡ್ಡ ಹಿಂಡು ಇಳಿದರೆ ಸ್ವಲ್ಪ ನಷ್ಟವಾಗಬಹುದು ಎಂಬುದನ್ನು ಅಲ್ಲಗಳೆಯಲಾರೆ. ಅಂಥ ಹೊಲದ ಬದುವಿನ ಮೇಲೆ ಒಬ್ಬರು ನಿಂತರೆ ಸಾಕು, ಅವು ಪಕ್ಕದ ಬೀಳು ಭೂಮಿಗೆ ಸರಿಯುತ್ತವೆ.

ನಿಮ್ಮ ಪತ್ರದ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ‘ಯಾವ ದಿನ ಹೋದವೋ ಗೊತ್ತಿಲ್ಲ’ ಎಂದು ಬರೆದಿದ್ದೀರಿ. ಅತಿಥಿ ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ಆದರೆ ಕೊನೆಯ ಬಾರಿ ನೋಡುವಾಗ ಅದು ಕೊನೆಯದೆಂದು ಯಾರಿಗೂ ತಿಳಿದಿರುವುದಿಲ್ಲ. ಸುಮಾರು ಇಪ್ಪತ್ತು ವರ್ಷಗಳ ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ಮೊದಲ ಆಗಮನದ ದಿನಾಂಕಗಳು ಸಾಲುಸಾಲಾಗಿವೆ, ನಿರ್ಗಮನದ ದಿನಾಂಕಗಳು ಬೆರಳೆಣಿಕೆಯಷ್ಟಿವೆ. ಈ ಕೊರತೆಯನ್ನು ತುಂಬುವ ಬಗೆಯನ್ನು ಕೊನೆಯ ಪತ್ರಕ್ಕೆ ಉತ್ತರಿಸುವಾಗ ಹೇಳುತ್ತೇನೆ.

ಪ್ರಶ್ನೆ: ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿಯ ಮೇಲೆ ಶಾಲೆಗೆ ಹೋಗುವಾಗ ಬಾಲ ಕುಣಿಸುತ್ತಾ ಓಡುವ ಹಳದಿ ಹೊಟ್ಟೆಯ ಸಣ್ಣ ಹಕ್ಕಿಗಳನ್ನು ಮಕ್ಕಳೊಂದಿಗೆ ನೋಡುತ್ತೇನೆ. ಡಿಸೆಂಬರಿನಲ್ಲಿ ಮಾಸಲಾಗಿದ್ದವು ಈಗ ಉಜ್ವಲ ಹಳದಿಯಾಗಿವೆ. ಇವು ಹೊಸದಾಗಿ ಬಂದ ಬೇರೆ ಹಕ್ಕಿಗಳೇ?
– ಮಂಡ್ಯ ತಾಲ್ಲೂಕಿನ ಶಿಕ್ಷಕಿಯೊಬ್ಬರು

ಉತ್ತರ: ಅವೇ ಹಕ್ಕಿಗಳು, ಹೊಸ ಉಡುಗೆಯಲ್ಲಿವೆ. ಸಿಪಿಲೆಗಳು ಮರಿ ಮಾಡುವ ನಾಡಿಗೆ ಹೊರಡುವ ಮುನ್ನ ತಲೆ ಮತ್ತು ಮೈಯ ಗರಿಗಳನ್ನು ಉದುರಿಸಿ ಬಣ್ಣದ ಗರಿಗಳನ್ನು ತಳೆಯುತ್ತವೆ. ನಮ್ಮಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಅರ್ಧ ಮಾಸಲು, ಅರ್ಧ ಉಜ್ವಲವಾದ ಹಕ್ಕಿಗಳು ಕಾಣುವುದು ಇದರಿಂದಲೇ. ಆದರೆ ಹಳದಿ ಹೊಟ್ಟೆಯ ಸಿಪಿಲೆಗಳೆಲ್ಲ ಒಂದೇ ಜಾತಿಯವಲ್ಲ. ಬೆನ್ನು ಹಸಿರು ಛಾಯೆಯದಾಗಿದ್ದು, ಕಾಲು ಕಪ್ಪಾಗಿದ್ದು, ಮೇಯುವ ದನಗಳ ಕಾಲಿನ ಸುತ್ತ ಗುಂಪಾಗಿ ಓಡಾಡುತ್ತಿದ್ದರೆ ಅದು ಹಳದಿ ಸಿಪಿಲೆ. ಬೆನ್ನು ಬೂದಾಗಿದ್ದು, ಕಾಲು ನಸುಗೆಂಪಾಗಿದ್ದು, ಬಾಲ ಮೈಗಿಂತ ಉದ್ದವೆನಿಸಿ, ಹರಿಯುವ ನೀರಿನ ಅಂಚಿನಲ್ಲಿ ಒಂಟಿಯಾಗಿದ್ದರೆ ಅದು ಬೂದು ಸಿಪಿಲೆ. ಹೆಸರಿನಲ್ಲಿ ಬೂದು ಇದ್ದರೂ ಅದರ ಹೊಟ್ಟೆ ಹಳದಿಯೇ ಆದ್ದರಿಂದ ಮಕ್ಕಳು ಮೋಸಹೋಗುವುದು ಇಲ್ಲೇ. ತಲೆಯೆಲ್ಲ ಹಳದಿಯಾಗಿ ಕತ್ತಿನ ಹಿಂದೆ ಕಪ್ಪು ಪಟ್ಟಿ ಮೂಡುತ್ತಿದ್ದರೆ ಅದು ಹಳದಿ ತಲೆಯ ಸಿಪಿಲೆ. ಇದು ಜೊಂಡು ಬೆಳೆದ ಕೆರೆಯಂಚನ್ನು ಇಷ್ಟಪಡುತ್ತದೆ. ಇವು ಮೂರೂ ಉತ್ತರಕ್ಕೆ ಹೊರಟುಹೋಗುತ್ತವೆ. ಕಪ್ಪು ಬಿಳುಪಿನ, ದಪ್ಪ ಬಿಳಿ ಹುಬ್ಬಿನ ದೊಡ್ಡ ಸಿಪಿಲೆ ಮಾತ್ರ ವರ್ಷವಿಡೀ ಇಲ್ಲಿಯೇ ಇದ್ದು, ಈಗ ಸೇತುವೆಯ ಸಂದಿಗಳಲ್ಲಿ, ಬಂಡೆಯ ಬಿರುಕುಗಳಲ್ಲಿ ಗೂಡಿಗೆ ಜಾಗ ನೋಡುತ್ತಿರುತ್ತದೆ. ಅದರ ಹಾಡನ್ನು ಬೆಳಗಿನ ಹೊತ್ತು ಮಕ್ಕಳಿಗೆ ಕೇಳಿಸಿರಿ. ಬಹಳ ಮಧುರವಾಗಿದೆ.

ಪ್ರಶ್ನೆ: ಸಂಜೆಯ ಹೊತ್ತು ನಮ್ಮ ಕಬ್ಬಿನ ಗದ್ದೆಯ ಮೇಲೆ ಸಾವಿರಾರು ಹಕ್ಕಿಗಳು ಮೋಡದಂತೆ ತಿರುಗಿ ಒಮ್ಮೆಲೇ ಒಳಗಿಳಿಯುತ್ತವೆ. ಹತ್ತಿರದಿಂದ ಕಂಡದ್ದು ಗುಲಾಬಿ ಮೈ, ಕಪ್ಪು ತಲೆ. ಇವು ಗೊರವಂಕಗಳೇ?
– ಪಾಂಡವಪುರ ತಾಲ್ಲೂಕಿನ ಓದುಗರು

ಉತ್ತರ: ಗೊರವಂಕದ ಬಂಧುಗಳು ನಿಜ, ಆದರೆ ಇವು ದೂರದವು. ಗುಲಾಬಿ ಕಬ್ಬಕ್ಕಿ ಎಂಬುದು ಇವುಗಳ ಹೆಸರು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆಗಳು ಹೆಚ್ಚಿದ ಕಡೆ ಮೇ, ಜೂನ್‌ಗಳಲ್ಲಿ ಅವಸರವಾಗಿ ಮರಿ ಮಾಡಿ, ಮಳೆಗಾಲ ಮುಗಿಯುವ ಮೊದಲೇ ಭಾರತಕ್ಕೆ ಹಿಂದಿರುಗಿ, ಏಪ್ರಿಲ್‌ವರೆಗೂ ಇಲ್ಲಿ ಉಳಿಯುತ್ತವೆ. ಎಂದರೆ ವರ್ಷದ ಹೆಚ್ಚು ಭಾಗವನ್ನು ನಮ್ಮಲ್ಲಿಯೇ ಕಳೆಯುವ ಇವುಗಳನ್ನು ಅತಿಥಿಗಳೆನ್ನುವುದಕ್ಕಿಂತ ಬಾಣಂತನಕ್ಕಷ್ಟೇ ಊರು ಬಿಡುವ ನಮ್ಮವರೆನ್ನುವುದು ಸರಿಯೆಂದು ನನ್ನ ಅಭಿಪ್ರಾಯ. ಸಿಪಿಲೆಯ ವಿಷಯಕ್ಕೆ ಹೋಲಿಸಿದರೆ ಇಲ್ಲೊಂದು ಸ್ವಾರಸ್ಯವಿದೆ. ಸಿಪಿಲೆಗೆ ಬಣ್ಣ ಬರುವುದು ಹೊಸ ಗರಿಯಿಂದ. ಕಬ್ಬಕ್ಕಿಗೆ ಬರುವುದು ಹಳೆಯ ಗರಿಯ ಸವೆತದಿಂದ. ಗರಿಗಳ ಮಾಸಲು ಅಂಚುಗಳು ಚಳಿಗಾಲವಿಡೀ ಸವೆದುಹೋಗಿ, ಒಳಗಿನ ಗುಲಾಬಿ ಮತ್ತು ಮಿರುಗುವ ಕಪ್ಪು ಈಗ ಹೊರಗೆ ಕಾಣುತ್ತವೆ.

ಹಗಲಿನಲ್ಲಿ ಅವುಗಳನ್ನು ನೋಡಬೇಕೆಂದಿದ್ದರೆ ಹೂಬಿಟ್ಟ ಮುತ್ತುಗ, ಬೂರುಗ, ಹಾಲುವಾಣದ ಮರಗಳ ಕೆಳಗೆ ನಿಲ್ಲಿರಿ. ಮಕರಂದಕ್ಕೆ ಮುಗಿಬೀಳುವ ಹಕ್ಕಿಗಳ ಹಣೆಗೆ ಪರಾಗ ಅಂಟಿ ಕುಂಕುಮವಿಟ್ಟಂತೆ ಕಾಣುತ್ತದೆ. ಒಣಗಿಸಿದ ಧಾನ್ಯವನ್ನು ಅವು ತಿನ್ನುವುದುಂಟು. ಆದರೆ ಮಿಡತೆ, ಹುಳುಗಳನ್ನೂ ಅಷ್ಟೇ ಆಸಕ್ತಿಯಿಂದ ಹಿಡಿಯುತ್ತವೆ. ಕಬ್ಬಿನ ಗದ್ದೆ ಅವುಗಳಿಗೆ ರಾತ್ರಿಯ ತಂಗುದಾಣ ಮಾತ್ರ. ನೀವು ಕಬ್ಬು ಕಡಿಸುವ ದಿನ ಬಂದರೆ ಹಿಂಡು ತಾನಾಗಿ ಮತ್ತೊಂದು ಗದ್ದೆಗೋ ಜೊಂಡಿಗೋ ಸರಿಯುತ್ತದೆ. ಆ ಬಗ್ಗೆ ಚಿಂತೆ ಬೇಡ.

ಪ್ರಶ್ನೆ: ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಗಳು ವಿದೇಶಿ ಹಕ್ಕಿಗಳೆಂದು ಪ್ರವಾಸಿಗರಿಗೆ ಹೇಳುವುದನ್ನು ಕೇಳಿದ್ದೇನೆ. ನಿಜವೇ? ನೀರು ಬತ್ತುವ ಕಾಲದಲ್ಲಿ ನೀರಿನ ಹಕ್ಕಿ ಮರಿ ಮಾಡುವುದೇಕೆ?
– ಮದ್ದೂರು ತಾಲ್ಲೂಕಿನ ವಿದ್ಯಾರ್ಥಿ

ಉತ್ತರ: ಮೊದಲನೆಯದು ತಪ್ಪು, ಅದನ್ನು ಕೇಳಿದಾಗಲೆಲ್ಲ ತಿದ್ದಬೇಕು. ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ನಮ್ಮ ನಾಡಿನ ಹಕ್ಕಿಗಳು. ಅವು ಸಮುದ್ರ ದಾಟಿ ಬರುವುದಿಲ್ಲ. ದಕ್ಷಿಣ ಭಾರತದ ಕೆರೆಗಳ ನಡುವೆ ನೀರು ಮತ್ತು ಮೀನನ್ನು ಅನುಸರಿಸಿ ಅಲೆಯುತ್ತವೆ. ಮರಿ ಮಾಡುವ ಕಾಲ ಬಂದಾಗ ಹಳೆಯ ನೆಲೆಗಳನ್ನು ಸೇರುತ್ತವೆ. ರಂಗನತಿಟ್ಟಿನ ನಡುಗಡ್ಡೆಗಳಲ್ಲೂ ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲೂ ಇವೇ ಹಕ್ಕಿಗಳನ್ನು ನೋಡಬಹುದು. ಪಕ್ಷಿತಜ್ಞ ಸಾಲಿಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕೊಕ್ಕರೆ ಬೆಳ್ಳೂರಿನ ಹಿರಿಮೆ ಬೇರೆ ಬಗೆಯದು. ಅಲ್ಲಿ ಬೇಲಿಯಿಲ್ಲ, ನಡುಗಡ್ಡೆಯಿಲ್ಲ. ಮನೆಯ ಹಿತ್ತಿಲ ಹುಣಸೆ ಮರ, ಬೀದಿಯ ಅರಳಿ ಮರವೇ ಗೂಡಿನ ತಾಣ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಹೇಳುತ್ತಾರೆ. ಆ ಮಾತಿಗಿಂತ ಮೇಲಾದ ಸಂರಕ್ಷಣೆಯ ಕಾನೂನನ್ನು ನಾನು ಓದಿಲ್ಲ.

ಎರಡನೆಯ ಪ್ರಶ್ನೆ ಬಹಳ ಚೆನ್ನಾಗಿದೆ. ಕೆರೆ ತುಂಬಿದಾಗ ಮೀನು ಎಲ್ಲೆಡೆ ಹರಡಿರುತ್ತದೆ, ಆಳಕ್ಕೂ ಇಳಿಯುತ್ತದೆ. ನೀರು ಇಳಿಯತೊಡಗಿದಂತೆ ಅದೇ ಮೀನು ಕಡಿಮೆ ಜಾಗದಲ್ಲಿ, ಕಡಿಮೆ ಆಳದಲ್ಲಿ ಸೇರುತ್ತದೆ. ನೀರಿನಲ್ಲಿ ನಡೆದು, ತೆರೆದ ಕೊಕ್ಕನ್ನು ಅದ್ದಿ, ತಗುಲಿದ್ದನ್ನು ಹಿಡಿಯುವ ಬಣ್ಣದ ಕೊಕ್ಕರೆಗೆ ಇದಕ್ಕಿಂತ ಅನುಕೂಲದ ಕಾಲವಿಲ್ಲ. ಹೆಜ್ಜಾರ್ಲೆಯ ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು ಬೇಕು. ಅನಂತರ ಮರಿ ಹಾರುವಷ್ಟು ಬೆಳೆಯಲು ಕೆಲವು ತಿಂಗಳುಗಳೇ ಹಿಡಿಯುತ್ತವೆ. ಚಳಿಗಾಲದ ಕೊನೆಯಲ್ಲಿ ಮರಿಗಳ ಹಸಿವು ಹೆಚ್ಚುವ ಹೊತ್ತಿಗೆ ಮೀನು ಸುಲಭವಾಗಿ ದೊರೆಯುವಂತೆ, ಮುಂಗಾರು ಬಿರುಸಾಗುವಷ್ಟರಲ್ಲಿ ಅವು ರೆಕ್ಕೆ ಬಲಿತು ಹೊರಡುವಂತೆ ಕಾಲ ಹೊಂದಿಕೊಂಡಿದೆ. ಮಳೆ ಕೈಕೊಟ್ಟು ಕೆರೆ ಬೇಗ ಬತ್ತಿದ ವರ್ಷ ಈ ಹೊಂದಿಕೆ ಕೆಡುತ್ತದೆ, ಹಕ್ಕಿಗಳು ಗೂಡು ತೊರೆಯುವುದೂ ಉಂಟು.

ಅಪಾಯ ಬೇರೆ ರೂಪದಲ್ಲೂ ಬರುತ್ತದೆ. 2017ರ ಕೊನೆಯಿಂದ 2018ರ ಆರಂಭದ ತಿಂಗಳುಗಳವರೆಗೆ ಕೊಕ್ಕರೆ ಬೆಳ್ಳೂರಿನಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತಾಗ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದವು. ಈ ಹುಳು ಮೀನಿನ ಮೂಲಕ ಹಕ್ಕಿಯನ್ನು ಸೇರುತ್ತದೆ. ಊರಿನ ಹುಣಸೆ ಮರವನ್ನು ಮಾತ್ರ ಕಾಯ್ದರೆ ಸಾಲದು, ಸುತ್ತಲಿನ ಕೆರೆಗಳ ಮತ್ತು ಶಿಂಷಾ ನದಿಯ ನೀರನ್ನೂ ಶುದ್ಧವಾಗಿಟ್ಟುಕೊಳ್ಳಬೇಕು ಎಂಬುದನ್ನು ಆ ಸಾವುಗಳು ನಮಗೆ ತೋರಿಸಿವೆ. ನೀವು ಅಲ್ಲಿಗೆ ಹೋಗುವುದಾದರೆ ಮರದ ಕೆಳಗೆ ಗದ್ದಲ ಮಾಡಬೇಡಿ. ಬೆದರಿದ ತಾಯಿ ಥಟ್ಟನೆ ಎದ್ದರೆ ಮೊಟ್ಟೆಯೋ ಮರಿಯೋ ಉರುಳಿ ಬೀಳುತ್ತದೆ. ಕೆಳಗೆ ಬಿದ್ದ ಮರಿಯನ್ನು ಕಂಡರೆ ಮುಟ್ಟದೆ ಊರಿನವರಿಗೆ ತಿಳಿಸಿ, ಅಂಥ ಮರಿಗಳನ್ನು ಸಾಕಿ ಬಿಡುವ ಅನುಭವ ಅಲ್ಲಿಯವರಿಗಿದೆ.

ಪ್ರಶ್ನೆ: ಚಳಿಗಾಲವೆಲ್ಲ ಕೇಳದಿದ್ದ ಕೋಗಿಲೆ ಈಗ ಬೆಳಗಿನ ಜಾವವೇ ಕೂಗುತ್ತದೆ. ಇಷ್ಟು ದಿನ ಎಲ್ಲಿಗೆ ಹೋಗಿತ್ತು?
– ಕುವೆಂಪುನಗರ, ಮೈಸೂರು

ಉತ್ತರ: ಎಲ್ಲಿಗೂ ಹೋಗಿರಲಿಲ್ಲ. ನಿಮ್ಮ ಬೀದಿಯ ಆಲ, ಅತ್ತಿ ಮರಗಳಲ್ಲಿ ಹಣ್ಣು ತಿನ್ನುತ್ತಾ ಮೌನವಾಗಿತ್ತು. ಕಾಗೆಗಳು ಗೂಡಿಗೆ ಕಡ್ಡಿ ಹೊರುವ ಕಾಲ ಹತ್ತಿರವಾದಂತೆ ಕಪ್ಪು ಗಂಡು ಕೂಗತೊಡಗುತ್ತದೆ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಚುಕ್ಕೆಗಳಿರುವ ಕಂದು ಹೆಣ್ಣು. ಕಿವಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ಹಕ್ಕಿ ಇರಲಿಲ್ಲವೆಂದು ಬರೆದುಕೊಳ್ಳಬಾರದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಪ್ರಶ್ನೆ: ನಾವು ಐವರು ಗೆಳೆಯರು ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಪ್ರತಿ ಭಾನುವಾರ ಹಕ್ಕಿ ನೋಡಲು ಆರಂಭಿಸಿದ್ದೇವೆ. ಮಣ್ಣಿನ ದಂಡೆಯಲ್ಲಿ ಹಳೆಯ ಬಿಲಗಳಿವೆ, ಅವು ಯಾವುದರವು? ನಮ್ಮ ದಾಖಲೆ ಉಪಯುಕ್ತವಾಗಬೇಕಾದರೆ ಹೇಗೆ ಬರೆಯಬೇಕು?
– ಶ್ರೀರಂಗಪಟ್ಟಣದ ಕಾಲೇಜು ವಿದ್ಯಾರ್ಥಿಗಳು

ಉತ್ತರ: ನೀರಿಗಿಂತ ಮೇಲೆ, ಗಟ್ಟಿ ಮರಳುಮಿಶ್ರಿತ ಮಣ್ಣಿನಲ್ಲಿ ಒಂದರ ಪಕ್ಕ ಒಂದು ತೂತುಗಳಿದ್ದರೆ ಅವು ಬಹುತೇಕ ನೀಲಿಬಾಲದ ಕಳ್ಳಿಪೀರದ ಹಳೆಯ ಗೂಡುಗಳು. ನಗುವನಹಳ್ಳಿಯ ಸುತ್ತಿನ ದಂಡೆ ಇದಕ್ಕೆ ಹೆಸರಾಗಿದೆ. ತಂತಿಯ ಮೇಲೆ ವರ್ಷವಿಡೀ ಕೂರುವ ಸಣ್ಣ ಕಳ್ಳಿಪೀರಕ್ಕಿಂತ ಇದು ದೊಡ್ಡದು, ಕತ್ತು ಕಂದುಗೆಂಪು, ಬಾಲ ಮತ್ತು ಸೊಂಟ ನೀಲಿ. ಬೇಸಿಗೆ ಏರಿದಂತೆ ಗುಂಪಾಗಿ ಸೇರಿ, ಗಂಡು ಹೆಣ್ಣು ಎರಡೂ ಕೊಕ್ಕಿನಿಂದ ಅಗೆದು ಕಾಲಿನಿಂದ ಮಣ್ಣನ್ನು ಹಿಂದಕ್ಕೆ ತಳ್ಳಿ ಒಂದೆರಡು ಮೀಟರ್ ಉದ್ದದ ಸುರಂಗ ತೋಡುತ್ತವೆ. ಈ ದಂಡೆಯಿಂದ ಮಣ್ಣು ತೆಗೆದರೆ ಇಡೀ ವಸಾಹತು ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತದೆ. ಆದ್ದರಿಂದ ಹಕ್ಕಿಗಳು ಬರುವ ಮೊದಲೇ ಬಿಲಗಳನ್ನು ಎಣಿಸಿ, ಜಾಗದ ನಕ್ಷೆ ಬರೆದು, ಗ್ರಾಮ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಲಿಖಿತವಾಗಿ ಕೊಡಿ. ಈಗ ಮಾಡಿದರೆ ಮಾತ್ರ ಪ್ರಯೋಜನ, ಮೇ ತಿಂಗಳಿನಲ್ಲಿ ಕೊಟ್ಟ ಅರ್ಜಿ ತಡವಾಗಿರುತ್ತದೆ.

ದಾಖಲೆಯ ವಿಚಾರಕ್ಕೆ ಬರೋಣ. ಪ್ರತಿ ವರ್ಷ ಫೆಬ್ರವರಿಯ ಮಧ್ಯದಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಜಾಗತಿಕ ಹಕ್ಕಿ ಎಣಿಕೆಯಲ್ಲಿ ಭಾರತದವರು 2013ರಿಂದ ಭಾಗವಹಿಸುತ್ತಿದ್ದಾರೆ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು, ಕಂಡ ಮತ್ತು ಕೇಳಿದ ಎಲ್ಲ ಜಾತಿಗಳನ್ನೂ ಎಣಿಕೆಯೊಂದಿಗೆ ಬರೆದು ಈಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಸೇರಿಸುವುದು ಅದರ ಕ್ರಮ. ‘ಎಲ್ಲ’ ಎಂಬುದು ಇಲ್ಲಿ ಮುಖ್ಯ. ಕಾಗೆ, ಗೊರವಂಕಗಳನ್ನು ಬಿಟ್ಟು ಅಪರೂಪದವನ್ನಷ್ಟೇ ಬರೆದ ಪಟ್ಟಿಯಿಂದ, ಬರೆಯದ ಹಕ್ಕಿ ಅಲ್ಲಿ ಇರಲಿಲ್ಲವೋ ನೀವು ಬಿಟ್ಟಿರೋ ತಿಳಿಯುವುದಿಲ್ಲ. ಪೂರ್ಣ ಪಟ್ಟಿಯಲ್ಲಿ ಒಂದು ಹೆಸರು ಇಲ್ಲದಿರುವುದೇ ಒಂದು ಮಾಹಿತಿಯಾಗುತ್ತದೆ.

ಆ ನಾಲ್ಕು ದಿನಗಳಿಗೆ ನಿಲ್ಲಿಸಬೇಡಿ. ಐವರಲ್ಲಿ ಒಬ್ಬೊಬ್ಬರು ಒಂದೊಂದು ವಲಸೆ ಹಕ್ಕಿಯನ್ನು ವಹಿಸಿಕೊಳ್ಳಿ: ಹಳದಿ ಸಿಪಿಲೆ, ಬೂದು ಸಿಪಿಲೆ, ಗುಲಾಬಿ ಕಬ್ಬಕ್ಕಿ, ಸೂಜಿಬಾಲದ ಬಾತು, ಕಂದು ಕಳಿಂಗ. ಭಾನುವಾರವಷ್ಟೇ ಹೋದರೆ ಏಳು ದಿನಗಳ ಅಂತರದಲ್ಲಿ ಹೊರಟ ದಿನ ಕಳೆದುಹೋಗುತ್ತದೆ, ಆದ್ದರಿಂದ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಸರದಿಯಂತೆ ಯಾರಾದರೂ ಒಬ್ಬರು ದಿನವೂ ಅದೇ ಜಾಗಕ್ಕೆ ಹೋಗಿ, ಕಂಡರೆ ಸಂಖ್ಯೆಯನ್ನೂ ಕಾಣದಿದ್ದರೆ ‘ಇಲ್ಲ’ ಎಂದೂ ಬರೆಯಬೇಕು. ಸತತ ಹತ್ತು ದಿನ ‘ಇಲ್ಲ’ ಬಂದ ಮೇಲೆ ಹಿಂದಕ್ಕೆ ತಿರುಗಿ, ಕೊನೆಯ ಸಂಖ್ಯೆಯಿರುವ ದಿನಾಂಕದ ಸುತ್ತ ಒಂದು ವೃತ್ತ ಹಾಕಿ. ಅದೇ ನಿಮ್ಮ ಜಾಗದ ನಿರ್ಗಮನ ದಿನ. ಹದಿನಾರು ಕೆರೆಯ ರೈತರಲ್ಲೂ ಮಂಡ್ಯದ ಶಿಕ್ಷಕಿಯವರಲ್ಲೂ ಇದೇ ಕ್ರಮವನ್ನು ಅನುಸರಿಸುವಂತೆ ವಿನಂತಿಸುತ್ತೇನೆ. ಮೇ ತಿಂಗಳ ಮೊದಲ ವಾರದೊಳಗೆ ನಿಮ್ಮ ವೃತ್ತ ಹಾಕಿದ ದಿನಾಂಕಗಳನ್ನು ಈ ಅಂಕಣಕ್ಕೆ ಕಳುಹಿಸಿಕೊಟ್ಟರೆ, ಮೂರು ಜಾಗಗಳ ಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ಇಲ್ಲಿಯೇ ಪ್ರಕಟಿಸುತ್ತೇನೆ.